ಹಳೇ ಹೀರೋನ ಕೋಚ್ ಮಾಡಬೇಕಾ?

ಓದುಗರ ಪ್ರಶ್ನೆ: ನಾನು ಕಲಬುರಗಿಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಖಜಾಂಚಿ. ನಮ್ಮ ಕ್ಲಬ್ಬಿಗೆ ಹದಿಮೂರು ವರ್ಷ ಆಡಿದ ಒಬ್ಬ ಅಣ್ಣ ಇದ್ದಾರೆ. ಹತ್ತನೇ ನಂಬರ್ ಜೆರ್ಸಿ. ನಾನು ಚಿಕ್ಕವನಿದ್ದಾಗ ಮೈದಾನದ ಗೋಡೆ ಮೇಲೆ ಕೂತು ಅವರ ಆಟ ನೋಡುತ್ತಿದ್ದೆ. ಆಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಸಿಕ್ಕಿ ಸಿಕಂದರಾಬಾದಿಗೆ ಹೋದರು. ಈಗ ಅವರಿಗೆ 47 ವರ್ಷ. ವಿಆರ್‌ಎಸ್ ತಗೊಂಡು ಊರಿಗೆ ವಾಪಸ್ ಬಂದಿದ್ದಾರೆ. ಅವರನ್ನೇ ಕೋಚ್ ಮಾಡಬೇಕು ಅಂತ ಅಧ್ಯಕ್ಷರು, ಹಳೇ ಆಟಗಾರರು ಎಲ್ಲರೂ ಪಟ್ಟು ಹಿಡಿದಿದ್ದಾರೆ. ಮುಂದಿನ ತಿಂಗಳು ಅಣ್ಣನಿಗೆ ಸನ್ಮಾನ ಇದೆ. ಆ ಸ್ಟೇಜ್ ಮೇಲೆಯೇ ಘೋಷಣೆ ಮಾಡೋಣ ಅಂತ ಅಧ್ಯಕ್ಷರ ಪ್ಲ್ಯಾನು. ಕಳೆದ ವರ್ಷ ನಾವು ಮೂರು ಟೂರ್ನಿ ಆಡಿ ಮೂರರಲ್ಲೂ ಸೆಮಿಫೈನಲ್ ಮುಟ್ಟಲಿಲ್ಲ. ಅಣ್ಣ ಬಂದರೆ ಗೆಲ್ಲುತ್ತೇವೆ ಅಂತ ಎಲ್ಲರಿಗೂ ನಂಬಿಕೆ. ನನ್ನ ಮಗ ಮಾತ್ರ ‘ಪಪ್ಪಾ, ಲ್ಯಾಂಪಾರ್ಡ್‌ಗೆ ಚೆಲ್ಸಿಯಲ್ಲಿ ಏನಾಯ್ತು ನೋಡು, ಸುಮ್ನೆ ಹೆಸರು ಕೆಡಿಸಿಕೊಳ್ತಾರೆ’ ಅಂತಾನೆ. ಅಧ್ಯಕ್ಷರು ‘ಜಿದಾನ್ ನೋಡ್ರಿ’ ಅಂತಾರೆ. ಅಣ್ಣ ಸೋತು ಬೈಸಿಕೊಳ್ಳೋದನ್ನು ನನ್ನ ಕಣ್ಣಿಂದ ನೋಡಲಾರೆ. ಇನ್ನೊಂದು ಮಾತು. ಆರು ವರ್ಷದಿಂದ ಒಬ್ಬ ಪಿಟಿ ಮಾಸ್ತರು ಪುಕ್ಕಟೆ ಕೋಚಿಂಗ್ ಮಾಡ್ತಿದ್ದಾರೆ. ಅವರು ದೊಡ್ಡ ಆಟ ಆಡಿದವರಲ್ಲ. ಅವರಿಗೆ ಈ ವಿಷಯ ಇನ್ನೂ ಯಾರೂ ಹೇಳಿಲ್ಲ. ಏನು ಮಾಡೋದು?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಅಣ್ಣ ಗೆಲ್ಲಿಸುತ್ತಾರಾ? ಗೆಲ್ಲಿಸದಿದ್ದರೆ ಅವರ ಹೆಸರು ಏನಾಗುತ್ತದೆ? ಮಾಸ್ತರ ಗತಿ ಏನು? ಮೂರನೆಯದನ್ನು ನೀವು ‘ಇನ್ನೊಂದು ಮಾತು’ ಅಂತ ಕೊನೆಗೆ ಸೇರಿಸಿದ್ದೀರಿ. ಬೀದರ್, ಕಲಬುರಗಿ, ಯಾದಗಿರಿ ಮೈದಾನಗಳಲ್ಲಿ ಇಪ್ಪತ್ತೆರಡು ವರ್ಷ ಹುಡುಗರ ಜೊತೆ ಓಡಾಡಿದ ನನಗೆ ಅದೇ ಮೊದಲಿಗೆ ಕಣ್ಣಿಗೆ ಬಿತ್ತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಮನೆಯ ಜಗಳ ಬಗೆಹರಿಸೋಣ. ಮಗ ಹೇಳೋದೂ ನಿಜ, ಅಧ್ಯಕ್ಷರು ಹೇಳೋದೂ ನಿಜ. ಚೆಲ್ಸಿಯ ಹಳೇ ಹೀರೋ ಲ್ಯಾಂಪಾರ್ಡ್ ಅಲ್ಲಿಗೇ ಕೋಚ್ ಆಗಿ ಬಂದು ಕೆಲಸ ಕಳೆದುಕೊಂಡರು, ರಿಯಲ್ ಮ್ಯಾಡ್ರಿಡ್‌ನ ಹಳೇ ಹೀರೋ ಜಿದಾನ್ ಅಲ್ಲಿಗೇ ಕೋಚ್ ಆಗಿ ಬಂದು ಕಪ್ ಮೇಲೆ ಕಪ್ ಗೆದ್ದರು. ಹಾಗಾಗಿ ಆ ಎರಡು ಹೆಸರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ‘ದೊಡ್ಡ ಆಟಗಾರ ಒಳ್ಳೇ ಕೋಚ್ ಆಗೋದಿಲ್ಲ’ ಅನ್ನೋದು ಬರೀ ಮಾತು. ಕ್ರೈಫ್ ಬಾರ್ಸಿಲೋನಾಗೆ ಆಡಿದ್ದರು. 1988ರಲ್ಲಿ ಅಲ್ಲಿಗೇ ಕೋಚ್ ಆಗಿ ಬಂದು, 1991ರಿಂದ ಸಾಲಾಗಿ ನಾಲ್ಕು ಲೀಗ್ ಗೆಲ್ಲಿಸಿದರು. ಸಿಮಿಯೋನೆ ಅಟ್ಲೆಟಿಕೊ ಮ್ಯಾಡ್ರಿಡ್‌ನ ಹಳೇ ಆಟಗಾರ. 2011ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದವರು ಎರಡು ಸಲ ಲೀಗ್ ಗೆಲ್ಲಿಸಿದರು. ನಮ್ಮ ದೇಶದ್ದೇ ಬೇಕಂದರೆ ಸುಭಾಷ್ ಭೌಮಿಕ್ ಉದಾಹರಣೆ ಇದೆ. ಈಸ್ಟ್ ಬೆಂಗಾಲ್‌ಗೆ ಆಡಿದವರು, ಅದಕ್ಕೇ ಕೋಚ್ ಆಗಿ 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದು ತಂದರು. ಇನ್ನೊಂದು ಕಡೆ ಅಲನ್ ಶಿಯರರ್. ನ್ಯೂಕ್ಯಾಸಲ್‌ಗೆ 206 ಗೋಲು ಹೊಡೆದ ಮನುಷ್ಯ. 2009ರಲ್ಲಿ ತಂಡ ಮುಳುಗುತ್ತಿದ್ದಾಗ ಕರೆದರು. ಎಂಟು ಪಂದ್ಯ, ಒಂದೇ ಗೆಲುವು. ತಂಡ ಕೆಳಗಿನ ದರ್ಜೆಗೆ ಇಳಿಯಿತು.

ಆಡಿದ್ದು ಎಷ್ಟು ದೊಡ್ಡ ಆಟ ಅನ್ನೋದರಿಂದ ಇದು ತೀರ್ಮಾನ ಆಗೋದಿಲ್ಲ. ಯಾವಾಗ ಕರೆದರು, ಯಾಕೆ ಕರೆದರು, ಬರುವ ಮುಂಚೆ ಆತ ಏನು ಕಲಿತಿದ್ದ, ಪಕ್ಕದಲ್ಲಿ ಯಾರಿದ್ದರು. ನಾನು ನೋಡೋದು ಈ ನಾಲ್ಕನ್ನು.

ಎರಡನೇ ತಪ್ಪು ನಂಬಿಕೆ: ‘ಅಣ್ಣ ಬಂದ ಕೂಡಲೇ ಹುಡುಗರಲ್ಲಿ ಜೋಶ್ ಬರುತ್ತದೆ, ಗೆಲ್ಲೋಕೆ ಶುರು ಮಾಡ್ತಾರೆ.’ ಬರುತ್ತದೆ, ಇಲ್ಲ ಅನ್ನೋದಿಲ್ಲ. ಅದು ಎಷ್ಟು ದಿನ ಇರುತ್ತದೆ ಅನ್ನೋದೇ ಪ್ರಶ್ನೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಸೋಲ್ಶರ್ ಕಥೆ ನೋಡಿ. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ 1999ರ ಫೈನಲ್‌ನಲ್ಲಿ ಕೊನೇ ಕ್ಷಣದಲ್ಲಿ ಗೆಲುವಿನ ಗೋಲು ಹೊಡೆದವರು. 2018ರ ಡಿಸೆಂಬರ್‌ನಲ್ಲಿ ತಾತ್ಕಾಲಿಕ ಕೋಚ್ ಆಗಿ ಬಂದರು. ಮೊದಲ ಪಂದ್ಯ ಕಾರ್ಡಿಫ್ ಮೇಲೆ, 5-1. ಮೊದಲ 19 ಪಂದ್ಯದಲ್ಲಿ 14 ಗೆಲುವು. ಪ್ಯಾರಿಸ್‌ಗೆ ಹೋಗಿ ಪಿಎಸ್‌ಜಿಯನ್ನು 3-1ರಿಂದ ಮಲಗಿಸಿದರು. ಇನ್ನೇನು ಬೇಕು? ಮಾರ್ಚ್ 28ಕ್ಕೆ ಕೆಲಸ ಕಾಯಂ ಮಾಡಿದರು. ಆಮೇಲಿನ ಹತ್ತು ಪಂದ್ಯದಲ್ಲಿ ಗೆದ್ದದ್ದು ಎರಡೇ. ಸೀಸನ್ನಿನ ಕೊನೇ ಪಂದ್ಯ ಮತ್ತೆ ಅದೇ ಕಾರ್ಡಿಫ್ ಮೇಲೆ, ಈ ಸಲ ತಮ್ಮದೇ ಮೈದಾನದಲ್ಲಿ. 0-2 ಸೋಲು.

ಹೀಗೆ ಆಗೋದಕ್ಕೆ ಒಂದು ಸಾದಾ ಕಾರಣ ಇದೆ. ಕೋಚ್ ಬದಲಾಯಿಸೋದು ಯಾವಾಗ? ತಂಡ ತೀರಾ ಕೆಟ್ಟದಾಗಿ ಆಡುವಾಗ, ಅದೃಷ್ಟವೂ ಕೈ ಕೊಟ್ಟಿರುವಾಗ. ಅಷ್ಟು ಕೆಟ್ಟ ಅದೃಷ್ಟ ಬಹಳ ದಿನ ಉಳಿಯೋದಿಲ್ಲ. ಯಾರು ಬಂದರೂ, ಬರದಿದ್ದರೂ, ಸ್ವಲ್ಪ ಮೇಲೆ ಏಳಲೇಬೇಕು. ಜೊತೆಗೆ ಬೆಂಚಲ್ಲಿ ಕೂತ ಹುಡುಗರಿಗೂ ಹೊಸಬರ ಮುಂದೆ ತೋರಿಸಿಕೊಳ್ಳುವ ಆಸೆ. ಇವೆರಡೂ ಸೇರಿ ಮೊದಲ ಎರಡು ತಿಂಗಳು ಹಬ್ಬ. ಆ ಹಬ್ಬದ ಲೆಕ್ಕವನ್ನೆಲ್ಲ ನಾವು ಹೊಸ ಕೋಚ್ ಖಾತೆಗೆ ಬರೆಯುತ್ತೇವೆ. ನೀವು ಖಜಾಂಚಿ, ನಿಮಗೆ ಇದು ಬೇಗ ಅರ್ಥ ಆಗುತ್ತದೆ: ಜಾತ್ರೆ ತಿಂಗಳ ವ್ಯಾಪಾರ ನೋಡಿ ವರ್ಷದ ಬಾಡಿಗೆ ಒಪ್ಪಿಕೊಂಡ ಹಾಗೆ.

ನಿಮ್ಮ ಕ್ಲಬ್ಬಿಗೆ ಈ ಅಪಾಯ ಇನ್ನೂ ಜಾಸ್ತಿ. ನಮ್ಮ ಕಡೆ ಹೆಚ್ಚಿನವು ನಾಕೌಟ್ ಟೂರ್ನಿ. ನಾಲ್ಕೈದು ಪಂದ್ಯ, ಅದರಲ್ಲಿ ಒಂದೆರಡು ಟೈಬ್ರೇಕರ್. ‘ಮೂರರಲ್ಲೂ ಸೆಮಿಫೈನಲ್ ಮುಟ್ಟಲಿಲ್ಲ’ ಅಂತ ಬರೆದಿದ್ದೀರಿ. ಎಷ್ಟು ಅಂತರದಲ್ಲಿ ಸೋತಿರಿ, ಎಷ್ಟು ಸಲ ಪೆನಾಲ್ಟಿಯಲ್ಲಿ ಸೋತಿರಿ, ಮೈದಾನದಲ್ಲಿ ಹುಡುಗರ ಸರಾಸರಿ ವಯಸ್ಸು ಎಷ್ಟಿತ್ತು, ಇದೊಂದೂ ಬರೆದಿಲ್ಲ. ಬಹುಶಃ ಕಮಿಟಿಯಲ್ಲೂ ಯಾರೂ ಕೇಳಿಲ್ಲ. ಆರು ವರ್ಷದ ಹಿಂದೆ ಮಾಸ್ತರು ಹಿಡಿದ ಹನ್ನೆರಡು, ಹದಿಮೂರರ ಹುಡುಗರು ಈಗ ಹದಿನೆಂಟು, ಹತ್ತೊಂಬತ್ತರವರು ಅಲ್ವಾ? ಆ ವಯಸ್ಸಿನ ತಂಡ ಗಂಡಸರ ಟೂರ್ನಿಯಲ್ಲಿ ಸೆಮಿಫೈನಲ್‌ಗೆ ಮುಂಚೆ ಸೋಲೋದು ಸಹಜ. ಎರಡು ವರ್ಷ ತಡೆದರೆ ಅದೇ ತಂಡ ಗೆಲ್ಲಬಹುದು. ಆಗ ಬೆಂಚಲ್ಲಿ ಯಾರು ಕೂತಿರುತ್ತಾರೋ ಅವರಿಗೇ ಹೆಸರು.

ಇನ್ನು ದೊಡ್ಡ ಆಟಗಾರರು ಕೋಚಿಂಗ್‌ನಲ್ಲಿ ಎಲ್ಲಿ ಎಡವುತ್ತಾರೆ ಅನ್ನೋದು. ಇದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ನಾನು ದೊಡ್ಡ ಆಟಗಾರನಲ್ಲ. ಆದರೆ ಒಂದು ಊರಿನ ಒಂದು ಕ್ಲಬ್ಬಿಗೆ ಏಳು ವರ್ಷ ಆಡಿ, ಅಲ್ಲಿಯ ಮಟ್ಟಿಗೆ ಹೀರೋ ಆಗಿದ್ದೆ. ಊರಿನ ಹೆಸರು ಬೇಡ. ಆಟ ಬಿಟ್ಟ ಮರುವರ್ಷವೇ ಕರೆದು ಕೋಚ್ ಮಾಡಿದರು. ಮೊದಲ ತಿಂಗಳು ನಾಲ್ಕು ಫ್ರೆಂಡ್ಲಿ ಗೆದ್ದೆವು. ನಾನು ಅಂಗಿ ಕಾಲರ್ ಎತ್ತಿಕೊಂಡು ಓಡಾಡಿದೆ. ಒಂದು ಸಂಜೆ ಪ್ರ್ಯಾಕ್ಟೀಸ್. ಮಿಡ್‌ಫೀಲ್ಡ್‌ನಲ್ಲಿ ಒಬ್ಬ ಹುಡುಗ ಪಾಸ್ ತಗೊಂಡು, ಚೆಂಡು ನಿಲ್ಲಿಸಿ, ಆಮೇಲೆ ತಲೆ ಎತ್ತಿ ನೋಡುತ್ತಿದ್ದ. ಅಷ್ಟೊತ್ತಿಗೆ ಯಾರೋ ಬಂದು ಕಸಿದುಕೊಳ್ಳೋರು. ಹತ್ತು ಸಲ ಕಿರುಚಿದೆ, ‘ಮೊದಲೇ ನೋಡೋ, ಮೊದಲೇ!’ ಹನ್ನೊಂದನೇ ಸಲ ಅವನು ನಿಂತು ಕೇಳಿದ:

‘ಸರ್, ಚೆಂಡು ಬರೋಕಿಂತ ಮೊದಲೇ ನಿಮಗ ಹ್ಯಾಂಗ್ ಗೊತ್ತಾಗ್ತಿತ್ರಿ?’

ಅವನು ಎದುರು ಮಾತಾಡಲಿಲ್ಲ. ನಿಜವಾಗಿ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಗೊತ್ತಾಗ್ತಿತ್ತು, ಅಷ್ಟೇ. ಉಸಿರಾಡೋದು ಹೇಗೆ ಅಂತ ಕೇಳಿದ ಹಾಗಾಯ್ತು. ‘ಆಡ್ತಾ ಆಡ್ತಾ ಬರ್ತದ’ ಅಂತ ಹೇಳಿ ಸೀಟಿ ಊದಿದೆ. ಆ ವರ್ಷ ನಾವು ಎಲ್ಲ ಕಡೆ ಸೋತೆವು. ನಾನೂ ‘ಈಗಿನ ಹುಡುಗರಿಗೆ ಸೀರಿಯಸ್‌ನೆಸ್ ಇಲ್ಲ’ ಅನ್ನೋ ಹಾಡು ಶುರು ಮಾಡಿದೆ. ಮಾರ್ಚ್ ಬರುವ ಹೊತ್ತಿಗೆ ಕಮಿಟಿಯವರು ನನ್ನ ಫೋನ್ ಎತ್ತೋದು ಬಿಟ್ಟರು.

ಉತ್ತರ ಸಿಕ್ಕಿದ್ದು ಆಮೇಲೆ, ಕೋಚಿಂಗ್ ಲೈಸೆನ್ಸ್ ಕೋರ್ಸಿಗೆ ಹೋದಾಗ. ಎಷ್ಟು ಸಣ್ಣ ವಿಷಯ ನೋಡಿ. ಹುಡುಗನನ್ನು ನಿಲ್ಲಿಸಿ, ಅವನ ಬೆನ್ನ ಹಿಂದೆ ಒಬ್ಬರು ನಿಂತು ಕೈಬೆರಳಲ್ಲಿ ನಂಬರ್ ತೋರಿಸಬೇಕು. ಮುಂದಿನಿಂದ ಪಾಸ್ ಬರುತ್ತದೆ. ಚೆಂಡು ಕಾಲಿಗೆ ತಾಗುವ ಮೊದಲು ಅವನು ಹಿಂದೆ ತಿರುಗಿ ನೋಡಿ ನಂಬರ್ ಕೂಗಬೇಕು. ‘ಮೂರು!’ ‘ಒಂದು!’ ದಿನಾ ಹತ್ತು ನಿಮಿಷ. ಮೂರು ವಾರಕ್ಕೆ ಕತ್ತು ತಾನಾಗೇ ತಿರುಗೋಕೆ ಶುರುವಾಗುತ್ತದೆ. ನಾನು ಹದಿನೈದು ವರ್ಷ ಮಾಡಿದ್ದು ಅದನ್ನೇ. ಮಾಡ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ನಿಮ್ಮ ಅಣ್ಣ ಹತ್ತನೇ ನಂಬರ್ ಅಂದಿರಿ, ಅಂದರೆ ಸಾಮಾನ್ಯವಾಗಿ ಪಾಸ್ ಕೊಟ್ಟು ತಂಡದ ಆಟ ಕಟ್ಟೋರು. ಹತ್ತನೇ ನಂಬರಿನವರಿಗೆ ಈ ಕಷ್ಟ ಎಲ್ಲರಿಗಿಂತ ಜಾಸ್ತಿ. ಅವರ ಆಟವೇ ಕಣ್ಣಿಗೆ ಕಾಣದ್ದು. ಅದನ್ನು ಬಿಡಿಸಿ, ತುಂಡು ಮಾಡಿ, ಹದಿನೈದರ ಹುಡುಗನ ಕಾಲಿಗೆ ಹಾಕಿಸೋದು ಬೇರೆಯೇ ಕಸುಬು. ಕಲಿಯೋಕೆ ಬರುತ್ತದೆ. ಆದರೆ ಕಲಿಯೋಕೆ ಸಮಯ ಬೇಕು, ತಪ್ಪು ಮಾಡೋಕೆ ಜನ ನೋಡದ ಒಂದು ಜಾಗ ಬೇಕು.

ಗೆದ್ದವರೆಲ್ಲ ಆ ಜಾಗ ಮೊದಲು ಹುಡುಕಿಕೊಂಡರು. ಅಧ್ಯಕ್ಷರು ಹೇಳೋ ಜಿದಾನ್ ನೇರವಾಗಿ ಬಂದು ಕಪ್ ಎತ್ತಲಿಲ್ಲ. 2013-14ರಲ್ಲಿ ರಿಯಲ್ ಮ್ಯಾಡ್ರಿಡ್ ಕೋಚ್ ಆಂಚೆಲೊಟ್ಟಿಗೆ ಸಹಾಯಕ. ಆಮೇಲೆ ಅದೇ ಕ್ಲಬ್ಬಿನ ಎರಡನೇ ತಂಡಕ್ಕೆ ಕೋಚ್. 2016ರ ಜನವರಿಯಲ್ಲಿ ಮುಖ್ಯ ತಂಡ. ಆಮೇಲೆ ಮೂರು ಚಾಂಪಿಯನ್ಸ್ ಲೀಗ್, 2016, 2017, 2018. ಬಾರ್ಸಿಲೋನಾದ ಹಳೇ ಆಟಗಾರ ಗಾರ್ಡಿಯೊಲಾ 2007-08ರಲ್ಲಿ ಅದೇ ಕ್ಲಬ್ಬಿನ ಬಿ ತಂಡದ ಜೊತೆ ಸ್ಪೇನಿನ ನಾಲ್ಕನೇ ದರ್ಜೆಯ ಮೈದಾನಗಳಲ್ಲಿ ಒಂದು ವರ್ಷ ಧೂಳು ಕುಡಿದರು. ಮರುವರ್ಷ ಮುಖ್ಯ ತಂಡಕ್ಕೆ ಮೂರು ದೊಡ್ಡ ಕಪ್. ಈಗ ಪಿರ್ಲೊ ನೋಡಿ. ಎಂಥ ಆಟಗಾರ! ಅವರು ಆಡಿದ್ದ ಇಟಲಿಯ ಯುವೆಂಟಸ್ ಕ್ಲಬ್ ಅವರನ್ನು 2020ರ ಜುಲೈ 30ಕ್ಕೆ 23 ವರ್ಷದೊಳಗಿನ ತಂಡಕ್ಕೆ ಕೋಚ್ ಅಂತ ತಗೊಂಡಿತು. ಆಗಸ್ಟ್ 8ಕ್ಕೆ ಮುಖ್ಯ ತಂಡ ಕೈಗೆ ಕೊಟ್ಟಿತು. ನಡುವೆ ಒಂಬತ್ತು ದಿನ. ಸಣ್ಣ ತಂಡಕ್ಕೆ ಒಂದು ಪಂದ್ಯವನ್ನೂ ಆಡಿಸಿರಲಿಲ್ಲ. ಇಟಲಿಯ ಕಪ್ ಗೆದ್ದರು, ಅದನ್ನು ಮರೆಯಬಾರದು. ಆದರೆ ಒಂಬತ್ತು ವರ್ಷ ಸಾಲಾಗಿ ಲೀಗ್ ಗೆದ್ದ ಕ್ಲಬ್ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ವರ್ಷಕ್ಕೇ ಕೆಲಸ ಹೋಯಿತು.

‘ಹಾಗಾದರೆ ಡಾಲ್ಗ್ಲಿಶ್?’ ಅಂತ ನಿಮ್ಮ ಮಗ ಕೇಳಬಹುದು, ಹುಡುಗ ಓದಿಕೊಂಡವನ ಹಾಗೆ ಕಾಣುತ್ತಾನೆ. ಸರಿಯಾದ ಪ್ರಶ್ನೆ. ಕೆನ್ನಿ ಡಾಲ್ಗ್ಲಿಶ್ 1985ರಲ್ಲಿ, ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂನಲ್ಲಿ ಪ್ರೇಕ್ಷಕರು ಸತ್ತ ದುರಂತದ ಮರುದಿನ, 34ನೇ ವಯಸ್ಸಿಗೆ ಲಿವರ್‌ಪೂಲ್‌ನ ಕೋಚ್ ಆದರು. ಒಂದು ದಿನದ ಅನುಭವ ಇಲ್ಲ. ಆಡ್ತಾನೂ ಇದ್ದರು. ಮೊದಲ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಬಂತು. ಲೀಗ್ ಗೆಲ್ಲಿಸಿದ ಗೋಲನ್ನೂ ಚೆಲ್ಸಿ ಮೈದಾನದಲ್ಲಿ ತಾವೇ ಹೊಡೆದರು. ಆದರೆ ಪಕ್ಕದಲ್ಲಿ ಯಾರಿದ್ದರು ಗೊತ್ತಾ? ಸಲಹೆಗೆ ಬಾಬ್ ಪೈಸ್ಲಿ, ಆ ಕ್ಲಬ್ಬಿಗೆ ಮೂರು ಯುರೋಪಿಯನ್ ಕಪ್ ಗೆಲ್ಲಿಸಿದ ಹಿರಿಯ. ದಿನದ ಕೆಲಸಕ್ಕೆ ರಾನಿ ಮೊರಾನ್, ರಾಯ್ ಎವನ್ಸ್. ಇವರೆಲ್ಲ ವರ್ಷಗಟ್ಟಲೆ ಅದೇ ಮೈದಾನದಲ್ಲಿ ದಿನಾ ಹುಡುಗರ ಮೊಣಕಾಲು, ಮನಸ್ಸು ಎರಡನ್ನೂ ನೋಡಿದವರು. ಡಾಲ್ಗ್ಲಿಶ್ ಬಂದಾಗ ಅವರನ್ನು ಮನೆಗೆ ಕಳಿಸಲಿಲ್ಲ.

ಈಗ ಮಾಸ್ತರ ವಿಷಯಕ್ಕೆ ಬರೋಣ.

‘ದೊಡ್ಡ ಆಟ ಆಡಿದವರಲ್ಲ’ ಅಂತ ಬರೆದಿದ್ದೀರಿ. ಬೈಯೋಕೆ ಬರೆದದ್ದಲ್ಲ, ಗೊತ್ತು. ಆದರೆ ಕಲಬುರಗಿಯವರು ಈ ಮಾತು ಬರೆಯಬಾರದು. 1956ರವರೆಗೆ ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕು. ಆ ಕಾಲದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸಾಲಾಗಿ ಐದು ಸಲ ಮುಂಬೈಯ ಹೆಸರಾಂತ ಟೂರ್ನಿ ರೋವರ್ಸ್ ಕಪ್ ಗೆದ್ದಿತು. ಅದರ ಕೋಚ್ ಸಯ್ಯದ್ ಅಬ್ದುಲ್ ರಹೀಂ. ಭಾರತ ತಂಡಕ್ಕೂ ಅವರೇ ಕೋಚ್. 1951ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಆ ಫೈನಲ್ ಹೊತ್ತಿಗೆ ಅವರಿಗೆ ಕ್ಯಾನ್ಸರ್. ಮರುವರ್ಷ ತೀರಿಕೊಂಡರು. ನಮ್ಮ ದೇಶ ಕಂಡ ಅತಿ ದೊಡ್ಡ ಫುಟ್‌ಬಾಲ್ ಕೋಚ್ ಅವರು ಅಂದರೆ ಹೆಚ್ಚು ಜನ ಜಗಳಕ್ಕೆ ಬರೋದಿಲ್ಲ. ಅವರ ನೌಕರಿ ಏನು? ಶಾಲೆ ಮಾಸ್ತರಿಕೆ. ಸ್ಟಾರ್ ಆಟಗಾರ ಅಂತ ಅವರನ್ನು ಯಾರೂ ನೆನೆಯೋದಿಲ್ಲ.

ನಿಮ್ಮ ಮಾಸ್ತರು ರಹೀಂ ಸಾಹೇಬರು ಅಂತ ನಾನು ಹೇಳುತ್ತಿಲ್ಲ. ನಾನು ಅವರನ್ನು ನೋಡಿಯೇ ಇಲ್ಲ. ಆದರೆ ಆರು ವರ್ಷ ಸಂಬಳ ಇಲ್ಲದೆ, ಎರೆ ಮಣ್ಣು ಬಿರುಕು ಬಿಟ್ಟ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಬಂದು ನಿಲ್ಲೋರು ಸುಲಭಕ್ಕೆ ಸಿಗೋದಿಲ್ಲ. ಯಾವ ಹುಡುಗನಿಗೆ ಮನೆಯಲ್ಲಿ ಊಟಕ್ಕೆ ಕಷ್ಟ, ಯಾರ ಅಪ್ಪ ಆಟ ಬಿಡಿಸಿ ಗ್ಯಾರೇಜಿಗೆ ಹಾಕೋಕೆ ನೋಡ್ತಿದ್ದಾನೆ, ಯಾರ ಪಾದ ಹೋದ ವರ್ಷ ಉಳುಕಿತ್ತು, ಎಲ್ಲ ಅವರ ತಲೆಯಲ್ಲಿದೆ. ಅವರು ಹೋದರೆ ಇದೆಲ್ಲ ಅವರ ಜೊತೆಗೇ ಹೋಗುತ್ತದೆ. ಸ್ಟೇಜ್ ಮೇಲಿನ ಘೋಷಣೆಯಿಂದ ಅವರಿಗೆ ವಿಷಯ ಗೊತ್ತಾದರೆ, ಹೋಗೇ ಹೋಗುತ್ತಾರೆ. ನಾನಾದರೂ ಹೋಗುತ್ತೇನೆ.

ನಿಮ್ಮನ್ನು ನಿದ್ದೆಗೆಡಿಸಿದ್ದು ಹೆಸರಿನ ಪ್ರಶ್ನೆ. ‘ಸೋತರೆ ಅಣ್ಣನ ಹೆಸರು ಮಣ್ಣುಪಾಲು’ ಅನ್ನೋದು ಅರ್ಧ ಸುಳ್ಳು. ಶಿಯರರ್ ತಂಡವನ್ನು ಉಳಿಸಲಾರದೆ ಹೋದದ್ದು 2009. ನ್ಯೂಕ್ಯಾಸಲ್ ಮೈದಾನದ ಹೊರಗೆ ಅವರ ಪ್ರತಿಮೆ ನಿಂತದ್ದು 2016. ಡಾಲ್ಗ್ಲಿಶ್ 1991ರಲ್ಲಿ ಬಿಟ್ಟವರು, ಇಪ್ಪತ್ತು ವರ್ಷದ ಮೇಲೆ 2011ರಲ್ಲಿ ಲಿವರ್‌ಪೂಲ್‌ಗೆ ಎರಡನೇ ಸಲ ಕೋಚ್ ಆಗಿ ಬಂದರು. ಲೀಗ್ ಕಪ್ ಗೆದ್ದರೂ ಲೀಗಿನಲ್ಲಿ ಎಂಟನೇ ಸ್ಥಾನ, 2012ರ ಮೇ ತಿಂಗಳಲ್ಲಿ ಕೆಲಸದಿಂದ ತೆಗೆದರು. 2017ರಲ್ಲಿ ಅದೇ ಮೈದಾನದ ಒಂದು ಸ್ಟ್ಯಾಂಡಿಗೆ ಅವರದೇ ಹೆಸರಿಟ್ಟರು. ಜನ ಗೋಲನ್ನು ಒಂದು ಕಡೆ, ಸೋಲನ್ನು ಒಂದು ಕಡೆ ಇಟ್ಟುಕೊಳ್ಳುತ್ತಾರೆ.

ಲ್ಯಾಂಪಾರ್ಡ್ ವಿಷಯವನ್ನು ನಿಮ್ಮ ಮಗ ಅರ್ಧ ಹೇಳಿದ. ಚೆಲ್ಸಿಗೆ 211 ಗೋಲು, ಅಲ್ಲಿ ಯಾರೂ ಅಷ್ಟು ಹೊಡೆದಿಲ್ಲ. 2019ರಲ್ಲಿ ಕೋಚ್ ಆಗಿ ಬಂದಾಗ ಹೊಸ ಆಟಗಾರರನ್ನು ಕೊಳ್ಳೋಕೆ ಕ್ಲಬ್ಬಿಗೆ ನಿಷೇಧ ಇತ್ತು. ಹಾಗಾಗಿ ಮೇಸನ್ ಮೌಂಟ್, ರೀಸ್ ಜೇಮ್ಸ್ ಥರ ಕ್ಲಬ್ಬಿನಲ್ಲೇ ಬೆಳೆದ ಹುಡುಗರನ್ನು ಆಡಿಸಿದರು. 2021ರ ಜನವರಿಯಲ್ಲಿ ಅವರನ್ನು ತೆಗೆದರು. ನಾಲ್ಕು ತಿಂಗಳಿಗೆ, ಹೊಸ ಕೋಚ್ ಟುಖೆಲ್ ಕೈಕೆಳಗೆ, ಚೆಲ್ಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಫೈನಲ್‌ನ ಒಂದೇ ಗೋಲಿಗೆ ಪಾಸ್ ಕೊಟ್ಟದ್ದು ಅದೇ ಮೌಂಟ್. ಬಲಗಡೆ ಓಡಿದ್ದು ಅದೇ ಜೇಮ್ಸ್. ಕಪ್ ಹಿಡಿದ ಫೋಟೋದಲ್ಲಿ ಲ್ಯಾಂಪಾರ್ಡ್ ಇಲ್ಲ. ಅವರು ಆಡಿಸಿದ ಹುಡುಗರು ಇದ್ದಾರೆ. ಅವರಿಗೆ ನಿಜವಾಗಿ ಏಟು ಬಿದ್ದದ್ದು ಎರಡನೇ ಸಲ. 2023ರ ಏಪ್ರಿಲ್‌ನಲ್ಲಿ ಮುಳುಗುವ ಹಡಗಿಗೆ ತಾತ್ಕಾಲಿಕ ಅಂತ ಕರೆದರು. ಹನ್ನೊಂದು ಪಂದ್ಯ, ಎಂಟು ಸೋಲು, ಒಂದು ಗೆಲುವು. ಆ ಸಲ ಕಟ್ಟೋಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಜನರ ಬಾಯಿ ಮುಚ್ಚಿಸೋಕೆ ಕ್ಲಬ್ಬಿಗೆ ಒಂದು ಪ್ರೀತಿಯ ಮುಖ ಬೇಕಿತ್ತು. ಮಾಜಿ ಹೀರೋಗಳಿಗೆ ಇದು ಬಹಳ ಸಲ ಆಗುತ್ತದೆ. ಕಮಿಟಿಯ ಮೇಲೆ ಬೀಳಬೇಕಾದ ಕಲ್ಲನ್ನು ಎದೆಗೆ ತಗೊಳ್ಳೋಕೆ ಹೀರೋನನ್ನು ಮುಂದೆ ನಿಲ್ಲಿಸುತ್ತಾರೆ. ನಿಮ್ಮ ಕಮಿಟಿಯಲ್ಲಿ ಹಾಗೇನಾದರೂ ಇದೆಯಾ? ನನಗೆ ಹೇಳಬೇಕಾಗಿಲ್ಲ. ನೀವು ಒಮ್ಮೆ ಯೋಚಿಸಿ.

‘ಅರ್ಧ ಸುಳ್ಳು’ ಅಂದೆ. ಉಳಿದರ್ಧ ನಿಜ ಯಾಕೆ ಅಂದರೆ ನಿಮ್ಮದು ಲಂಡನ್ ಅಲ್ಲ. ಶಿಯರರ್ ಸೋತು ಮರಳಿ ಟಿವಿ ಸ್ಟುಡಿಯೋದಲ್ಲಿ ಕೂತರು. ನಿಮ್ಮ ಅಣ್ಣ ಸೋತರೆ ಮರುದಿನ ಸೂಪರ್ ಮಾರ್ಕೆಟ್‌ಗೆ ತರಕಾರಿಗೆ ಹೋಗಬೇಕು. ಮಿರ್ಚಿ ಭಜಿ ಬಂಡಿ ಮುಂದೆ ಯಾರೋ ‘ಏನ್ರಿ ಉಸ್ತಾದ್, ಟೀಮ್ ಮುಳುಗಿಸಿಬಿಟ್ರಿ’ ಅಂತ ನಗುತ್ತಲೇ ಅನ್ನುತ್ತಾರೆ. ತಂಡದಿಂದ ಕೈಬಿಟ್ಟ ಹುಡುಗ ಹಳೇ ಟೀಮ್‌ಮೇಟ್ ಮಗ ಆಗಿರುತ್ತಾನೆ. ಮದುವೆಯಲ್ಲಿ ಎದುರಿಗೆ ಸಿಗುತ್ತಾರೆ. ಸಣ್ಣ ಊರಲ್ಲಿ ಹೆಸರು ಕೆಡೋದಕ್ಕಿಂತ ಸಂಬಂಧ ಕೆಡೋದು ಬೇಗ. ಒಂದು ದಿನ ಅಣ್ಣ ಮೈದಾನದ ಕಡೆ ಬರೋದನ್ನೇ ನಿಲ್ಲಿಸುತ್ತಾರೆ. ನಾನೇ ಆ ಹಳೇ ಕ್ಲಬ್ಬಿನ ಮೈದಾನದ ಮುಂದಿನ ರಸ್ತೆ ಬಿಟ್ಟು, ಸುತ್ತು ಹಾಕಿ ಮನೆಗೆ ಹೋಗ್ತಿದ್ದೆ. ಎರಡು ವರ್ಷ.

ಸರಿ, ಈಗ ದಾರಿ ಯಾವುವು?

ಒಂದು, ಅಧ್ಯಕ್ಷರು ಹೇಳಿದ ಹಾಗೆ ಈಗಲೇ ಮುಖ್ಯ ಕೋಚ್. ಲಾಭ ಇದೆ. ಮೈದಾನಕ್ಕೆ ಜನ ಬರುತ್ತಾರೆ, ಜೆರ್ಸಿಗೆ ಸ್ಪಾನ್ಸರ್ ಸಿಗಬಹುದು. ಆದರೆ ಮಾಸ್ತರು ಹೋಗುತ್ತಾರೆ, ಅಣ್ಣನಿಗೆ ಕಲಿಯೋ ಸಮಯ ಸಿಗೋದಿಲ್ಲ, ಸೋತಾಗ ಅವರನ್ನು ಪ್ರಶ್ನೆ ಮಾಡೋ ಧೈರ್ಯ ಕಮಿಟಿಯಲ್ಲಿ ಯಾರಿಗೂ ಇರೋದಿಲ್ಲ. ಗೋಡೆ ಮೇಲೆ ಕೂತು ನೋಡಿದವರೆಲ್ಲ ಈಗ ಕಮಿಟಿಯಲ್ಲಿದ್ದೀರಿ ಅಲ್ವಾ. ಇದು ಬೇಡ.

‘ಒಂದು ಟೂರ್ನಿಗೆ ಟ್ರೈ ಮಾಡಿ ನೋಡೋಣ’ ಅಂತ ಯಾರಾದರೂ ನಡುವಿನ ದಾರಿ ಹೇಳಬಹುದು. ಕೇಳೋಕೆ ಜಾಣತನ ಅನ್ನಿಸುತ್ತದೆ. ನನಗೆ ಇದರ ಮೇಲೆ ಮೊದಲನೆಯದಕ್ಕಿಂತ ಅನುಮಾನ ಜಾಸ್ತಿ. ಗೆದ್ದರೆ ಸೋಲ್ಶರ್‌ಗೆ ಆದ ಹಾಗೆ, ಆ ಖುಷಿಯಲ್ಲಿ ಕಾಯಂ ಮಾಡಿಬಿಡುತ್ತೀರಿ. ಒಂದು ಟೈಬ್ರೇಕರ್ ಸೋತರೆ ಒಳ್ಳೇ ಕೋಚ್ ಆಗಬಹುದಾದವರನ್ನು ಕಳೆದುಕೊಳ್ಳುತ್ತೀರಿ. ನಾಲ್ಕು ಪಂದ್ಯದಿಂದ ಯಾರ ಬಗ್ಗೆಯೂ ಏನೂ ಗೊತ್ತಾಗೋದಿಲ್ಲ.

ಕೋಚಿಂಗ್ ಬಿಟ್ಟು ‘ಮೆಂಟರ್’, ‘ಸಲಹೆಗಾರ’ ಅಂತ ಒಂದು ಕುರ್ಚಿ ಕೊಡೋದು ಇನ್ನೊಂದು. ಅಣ್ಣನಿಗೆ ನಿಜವಾಗಿ ಮೈದಾನದ ಕೆಲಸದಲ್ಲಿ ಆಸಕ್ತಿ ಇಲ್ಲದಿದ್ದರೆ, ಗೌರವ ಅಷ್ಟೇ ಬೇಕಿದ್ದರೆ, ಇದು ಸಾಕು. ಆಸಕ್ತಿ ಇದ್ದರೆ ಮಾತ್ರ ಕಷ್ಟ. ಲೈನ್ ಹೊರಗೆ ನಿಂತು ‘ಏ, ಬಲಗಡೆ ಹೋಗೋ’ ಅಂತ ಕೂಗುತ್ತಾರೆ, ಒಳಗೆ ಮಾಸ್ತರು ‘ಅಲ್ಲೇ ನಿಲ್ಲೋ’ ಅಂತಾರೆ. ಹುಡುಗ ನಡುವೆ ನಿಂತು ಇಬ್ಬರ ಮುಖ ನೋಡುತ್ತಾನೆ. ಅಷ್ಟರಲ್ಲಿ ಗೋಲು ಆಗಿರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತೇನೆ. ಈ ವರ್ಷ ಅಣ್ಣನಿಗೆ 15 ವರ್ಷದೊಳಗಿನ ಹುಡುಗರನ್ನು ಪೂರ್ತಿ ಒಪ್ಪಿಸಿ. ಪೂರ್ತಿ ಅಂದರೆ ಪೂರ್ತಿ, ಆ ತಂಡದ ಹನ್ನೊಂದು ಜನರನ್ನು ಆರಿಸೋದು ಅವರೇ. ದೊಡ್ಡ ತಂಡ ಮಾಸ್ತರ ಕೈಯಲ್ಲೇ ಇರಲಿ. ವಾರಕ್ಕೆ ಒಂದು ದಿನ ಅಣ್ಣ ದೊಡ್ಡ ತಂಡದ ಜೊತೆ, ಮಾಸ್ತರು ಕರೆದಾಗ, ಮಾಸ್ತರು ಹೇಳಿದ ಕೆಲಸಕ್ಕೆ. ಫ್ರೀ ಕಿಕ್, ಕಾರ್ನರ್ ಕೊಡಿ. ಹತ್ತನೇ ನಂಬರಿನವರು ಅದನ್ನು ತೋರಿಸಿಯೇ ಕಲಿಸಬಹುದು. ಜೊತೆಗೆ ಕ್ಲಬ್ಬಿನ ದುಡ್ಡಲ್ಲಿ ಅವರನ್ನು ಲೈಸೆನ್ಸ್ ಕೋರ್ಸಿಗೆ ಕಳಿಸಿ. ಭಾರತದ ಫುಟ್‌ಬಾಲ್ ಫೆಡರೇಶನ್ ಎಐಎಫ್‌ಎಫ್‌ನ ಕೆಳಗಿನ ಹಂತದಿಂದ ಶುರು ಮಾಡಲಿ, ಮೇಲೆ ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಸಿ, ಬಿ, ಎ ಅಂತ ಮೆಟ್ಟಿಲುಗಳಿವೆ. ಕೋರ್ಸ್ ಎಲ್ಲಿ, ಯಾವಾಗ ಅಂತ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಕೇಳಿ. ಮಾಸ್ತರಿಗೆ ಲೈಸೆನ್ಸ್ ಇಲ್ಲದಿದ್ದರೆ ಇಬ್ಬರನ್ನೂ ಕಳಿಸಿ. ಒಂದೇ ರೂಮಲ್ಲಿ ನಾಲ್ಕು ದಿನ ಇದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಲೈಸೆನ್ಸ್ ಬರೀ ಕಾಗದ ಅಂತ ಹಳೇ ಆಟಗಾರರು ನಗುತ್ತಾರೆ. ಒಂದೇ ಉದಾಹರಣೆ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ಪ್ರ್ಯಾಕ್ಟೀಸ್ ನಡುವೆ ನೀರು ಕೊಡ್ತಿರಲಿಲ್ಲ. ‘ನೀರು ಕುಡಿದರೆ ಹೊಟ್ಟೆ ಭಾರ, ದಮ್ ಹೋಗ್ತದ’ ಅನ್ನೋರು. ನಿಮ್ಮ ಅಣ್ಣನೂ ಹಾಗೇ ಬೆಳೆದವರು. ಕಲಬುರಗಿಯ ಏಪ್ರಿಲ್‌ನಲ್ಲಿ, 42 ಡಿಗ್ರಿ ಬಿಸಿಲಲ್ಲಿ, ಈ ನಂಬಿಕೆ ಒಂದು ಮಗುವಿನ ಪ್ರಾಣ ತೆಗೆಯಬಹುದು. ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಗೆ ಮೈದಾನ ಖಾಲಿ ಆಗಬೇಕು, ಹದಿನೈದು ನಿಮಿಷಕ್ಕೊಮ್ಮೆ ನೀರು, ತಲೆ ಸುತ್ತು ಅಂದವನನ್ನು ತಕ್ಷಣ ನೆರಳಿಗೆ. ಇದನ್ನು ಮಾತ್ರ ಅಣ್ಣ ಒಪ್ಪಿಯೇ ಶುರು ಮಾಡಬೇಕು, ಕೋರ್ಸ್ ಆಗುವವರೆಗೆ ಕಾಯೋ ಹಾಗಿಲ್ಲ.

ಈ ದಾರಿಗೂ ಅಪಾಯ ಇದೆ. ‘ನನಗ ಸಣ್ಣ ಹುಡುಗರನ್ನ ಕೊಡ್ತೀರಿ?’ ಅಂತ ಅಣ್ಣನಿಗೆ ಅವಮಾನ ಆಗಬಹುದು. ಗಾರ್ಡಿಯೊಲಾ ನಾಲ್ಕನೇ ದರ್ಜೆಯಿಂದ ಶುರು ಮಾಡಿದ್ದನ್ನು ಹೇಳಿ, ಕೆಲವರಿಗೆ ಅದು ನಾಟುತ್ತದೆ. ಆದರೂ ಬೇಜಾರಾದರೆ ಈಗಲೇ ಆಗಲಿ. ಆರು ತಿಂಗಳ ಮೇಲೆ ಮೈದಾನದಲ್ಲಿ ಆಗೋದಕ್ಕಿಂತ ಒಳ್ಳೇದು. ಸಣ್ಣ ಹುಡುಗರ ಜೊತೆ ಒಂದು ವರ್ಷ ನಿಲ್ಲೋ ತಾಳ್ಮೆ ಇಲ್ಲದವರಿಗೆ ದೊಡ್ಡವರ ಸೋಲು ತಡೆದುಕೊಳ್ಳೋ ತಾಳ್ಮೆಯೂ ಇರೋದಿಲ್ಲ. ಅದು ನಿಮಗೂ ಗೊತ್ತಾಗಿಬಿಡುತ್ತದೆ.

ಸನ್ಮಾನ ಮಾಡಿ, ಭರ್ಜರಿಯಾಗೇ ಮಾಡಿ. ಆದರೆ ಘೋಷಣೆ ಅಲ್ಲಿ ಬೇಡ. ಶಾಲು ಹಾಕಿ, ಪೇಟ ಕಟ್ಟಿ, ಕೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಮೈಕಿನಲ್ಲಿ ‘ಇನ್ನು ಮುಂದೆ ಇವರೇ ನಮ್ಮ ಕೋಚ್’ ಅಂದರೆ ಆ ಮನುಷ್ಯ ಏನು ಹೇಳೋಕಾಗುತ್ತದೆ? ಸಂಬಳ ಎಷ್ಟು, ಎಷ್ಟು ದಿನ, ಯಾರು ಟೀಮ್ ಆರಿಸೋದು ಅಂತ ಅಲ್ಲಿ ಕೇಳೋಕಾಗುತ್ತಾ? ನಿಮಗೂ ಕೇಳೋಕಾಗೋದಿಲ್ಲ. ಸನ್ಮಾನ ಆಡಿದ ಹದಿಮೂರು ವರ್ಷಕ್ಕೆ. ಅದರ ಸಾಲವನ್ನು ಮುಂದಿನ ಕೆಲಸಕ್ಕೆ ಜಮಾ ಮಾಡಬೇಡಿ.

ಬದಲಿಗೆ ಎರಡು ಪುಟದ ಒಂದು ಕಾಗದ ಬರೆಯಿರಿ. ಯಾವ ತಂಡ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ತಿಂಗಳಿಗೆ ಎಷ್ಟು ಗೌರವಧನ. ಮಾಸ್ತರಿಗೂ ಅಷ್ಟೇ, ಒಂದು ರೂಪಾಯಿ ಕಡಿಮೆ ಇಲ್ಲದೆ. ಆರು ವರ್ಷದ ಪುಕ್ಕಟೆ ಇಲ್ಲಿಗೆ ಮುಗಿಯಲಿ. ಯಾರು ಹನ್ನೊಂದು ಜನರನ್ನು ಆರಿಸೋದು, ಕಮಿಟಿಯವರ ಮಗನೋ ಅಳಿಯನೋ ಬಂದರೆ ಯಾರ ಮಾತು ನಡೆಯೋದು. ವರ್ಷದ ಕೊನೆಗೆ ಏನು ನೋಡಿ ‘ಆಯ್ತು, ಚೆನ್ನಾಗಿದೆ’ ಅನ್ನೋದು: ಕಪ್ ಅಂತ ಬರೆಯಬೇಡಿ, ಎಷ್ಟು ಹುಡುಗರು ವರ್ಷಪೂರ್ತಿ ಉಳಿದರು, ಎಷ್ಟು ಜನ ಜಿಲ್ಲಾ ತಂಡದ ಟ್ರಯಲ್‌ಗೆ ಹೋದರು ಅಂತ ಬರೆಯಿರಿ. ಮುಖ್ಯವಾಗಿ, ಬಿಡೋದು ಹೇಗೆ. ಇಬ್ಬರಲ್ಲಿ ಯಾರಿಗೆ ಬೇಡ ಅನ್ನಿಸಿದರೂ ಒಂದು ತಿಂಗಳ ಮುಂಚೆ ಹೇಳೋದು, ಕಾರಣ ಹೊರಗೆ ಹೇಳದಿರೋದು. ನನ್ನ ಹಳೇ ಕ್ಲಬ್ಬಿನಲ್ಲಿ ಈ ಒಂದು ಸಾಲು ಇದ್ದಿದ್ದರೆ ಆ ರಸ್ತೆಯಲ್ಲಿ ನಾನು ನೇರವಾಗಿ ನಡೆಯುತ್ತಿದ್ದೆ.

ಇದನ್ನೆಲ್ಲ ಹೇಳೋರು ಯಾರು? ನೀವೇ. ಅಧ್ಯಕ್ಷರು ಬೇಡ, ಅವರು ಈಗಾಗಲೇ ಮಾತು ಕೊಟ್ಟಿರಬಹುದು. ಕಮಿಟಿ ಮೀಟಿಂಗಿಗೆ ಮುಂಚೆ ಒಬ್ಬರೇ ಹೋಗಿ. ಅಣ್ಣನ ಮನೆಗೆ ನಾಳೆ ಹೋಗಬಹುದು. ಇವತ್ತು ಸಂಜೆ ಪ್ರ್ಯಾಕ್ಟೀಸ್ ಮುಗಿದು, ಹುಡುಗರು ಸೈಕಲ್ ಹತ್ತಿದ ಮೇಲೆ, ಮಾಸ್ತರು ಚೆಂಡುಗಳನ್ನು ಬಲೆಗೆ ತುಂಬುತ್ತಿರುತ್ತಾರೆ. ಅಲ್ಲಿಗೆ ಹೋಗಿ, ಬಲೆಯ ಇನ್ನೊಂದು ತುದಿ ಹಿಡಿದುಕೊಳ್ಳಿ.